ವರ್ಷಾಯೋಗದಲ್ಲಿ ಬೆಟ್ಟವೇರುವ ಶ್ರಾವಕರು

ಆಷಾಢ ಶುಕ್ಲ ಚತುರ್ದಶಿಯ ರಾತ್ರಿ ದಿಗಂಬರ ಮುನಿಸಂಘಗಳು ವರ್ಷಾಯೋಗವನ್ನು ಸ್ಥಾಪಿಸುತ್ತವೆ. ವರ್ಷದ ಉಳಿದ ತಿಂಗಳುಗಳಲ್ಲಿ ಬರಿಗಾಲಿನಿಂದ ನಾಡೆಲ್ಲ ವಿಹರಿಸುವ ಮುನಿಗಳು ಅಂದಿನಿಂದ ದೀಪಾವಳಿಯ ವೀರನಿರ್ವಾಣದವರೆಗೆ ಒಂದೇ ಊರಿನಲ್ಲಿ ನೆಲೆನಿಲ್ಲುತ್ತಾರೆ. ಶ್ರಾವಕರು ಕಲಶವನ್ನಿಟ್ಟು, ಶ್ರೀಫಲವನ್ನರ್ಪಿಸಿ, ಆ ಸಂಘವು ತಮ್ಮೂರಿನಲ್ಲಿ ನಿಂತಿತೆಂದು ಧನ್ಯರಾಗುತ್ತಾರೆ. ಅದೇ ಆಷಾಢದ ಶುಕ್ರವಾರ ರಾತ್ರಿ, ಬೇಗೂರಿನ ದಾರಿ ಹೊಸೂರು ರಸ್ತೆಯನ್ನು ಸೇರುವೆಡೆಯಲ್ಲಿ ಟೆಂಪೊ ಟ್ರಾವೆಲರ್ ವಾಹನಗಳು ಬಂದು ನಿಲ್ಲುತ್ತವೆ. ಎಲೆಕ್ಟ್ರಾನಿಕ್ ಸಿಟಿಯ ಕಛೇರಿಗಳಿಂದ ಬಂದ ತರುಣ ತರುಣಿಯರು ಬೆನ್ನಚೀಲ, ಮಳೆಯಂಗಿ, ಹೊಸ ಬೂಟುಗಳೊಡನೆ ಅವುಗಳನ್ನೇರುತ್ತಾರೆ. ಬೆಳಗಾಗುವುದರೊಳಗೆ ಅವರು ಮಲೆನಾಡಿನಲ್ಲಿರುತ್ತಾರೆ. ಸೋಮವಾರ ಬೆಳಿಗ್ಗೆ ಮರಳಿ ಕಛೇರಿಯಲ್ಲಿರುತ್ತಾರೆ. ಅವರ ನಡುವೆ ಜೈನ ಮನೆತನಗಳ ಮಕ್ಕಳೂ ಕಡಿಮೆಯಿಲ್ಲ.

ಅವರು ಹೋಗುವುದೆಲ್ಲಿಗೆ? ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದ ಪಾಳುಕೋಟೆಗೆ, ಆಗುಂಬೆಯ ಸಮೀಪದ ಕುಂದಾದ್ರಿಗೆ, ಶರಾವತಿ ಕಣಿವೆಯ ದಟ್ಟ ಕಾಡಿನಲ್ಲಿ ಅಡಗಿರುವ ಕಾನೂರು ಕೋಟೆಗೆ, ಗೇರುಸೊಪ್ಪೆಯ ಚತುರ್ಮುಖ ಬಸದಿಗೆ. ಮಳೆ, ಮಂಜು, ಹಸಿರು, ಅದರ ನಡುವೆ ಕುಸಿದ ಕಲ್ಲುಗೋಡೆ, ಇದೇ ಈ ಪ್ರವಾಸಗಳ ಜಾಹೀರಾತು. ಮನೆಯ ಹಿರಿಯರೂ ಇದನ್ನು ಮೆಚ್ಚುತ್ತಾರೆ. ಮಕ್ಕಳು ಕುಡಿತ ಕುಣಿತಗಳಿರುವಲ್ಲಿಗೆ ಹೋಗದೆ, ಪೂರ್ವಿಕರ ಬಸದಿಗಳನ್ನು ನೋಡಲು ಹೋದರಲ್ಲಾ ಎಂದು ಸಮಾಧಾನಪಡುತ್ತಾರೆ. ಈ ಸಮಾಧಾನವೇ ಪ್ರಶ್ನಾರ್ಹವಾದುದು. ಮಳೆಗಾಲದಲ್ಲಿ ಬೆಟ್ಟದ ಕಾಲುಹಾದಿಯನ್ನು ಹಿಡಿದು ಹಾಳುಬಸದಿಯನ್ನು ನೋಡಹೋಗುವುದು ಜೈನ ಗೃಹಸ್ಥನಿಗೆ ನಿರ್ದೋಷವಾದ ವಿನೋದವಲ್ಲ. ಅದು ಅವನ ಅಣುವ್ರತಕ್ಕೂ ವಿರುದ್ಧವಾದುದು, ಅವನು ನೋಡಬೇಕೆಂದಿರುವ ಬಸದಿಗೂ ಕೇಡನ್ನುಂಟುಮಾಡುವಂತಹುದು. ಸಮಾಜವು ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾದ ಕಾಲ ಬಂದಿದೆ.

ಹಾದಿಯ ಮೇಲೆ ಇರುವವರು

ಮುನಿಗಳು ಮಳೆಗಾಲದಲ್ಲಿ ನಿಲ್ಲುವುದು ಮಳೆಗೆ ಹೆದರಿ ಅಲ್ಲ. ಚಳಿ, ಬಿಸಿಲು, ಸೊಳ್ಳೆಗಳ ಕಡಿತ ಮೊದಲಾದ ಇಪ್ಪತ್ತೆರಡು ಪರೀಷಹಗಳನ್ನು ಸಹಿಸುವವರಿಗೆ ನಾಲ್ಕು ಹನಿ ನೀರು ದೊಡ್ಡದಲ್ಲ. ಅವರು ನಿಲ್ಲುವುದು ನೆಲದ ಮೇಲಿರುವ ಇತರರಿಗಾಗಿ. ಈರ್ಯಾಸಮಿತಿಯ ಪ್ರಕಾರ ಮುನಿಯು ಹಗಲಿನಲ್ಲಿ, ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ, ಜೀವವಿಲ್ಲದ ಜಾಗದಲ್ಲಿ ಹೆಜ್ಜೆಯಿಡಬೇಕು. ಮಳೆ ಬಿದ್ದ ನೆಲದಲ್ಲಿ ಅಂತಹ ಜಾಗವೇ ದೊರೆಯದು. ಎಷ್ಟು ಎಚ್ಚರದಿಂದ ನಡೆದರೂ ಅಹಿಂಸೆಯನ್ನು ಪಾಲಿಸಲಾಗದ ಕಾಲದಲ್ಲಿ ನಡೆಯುವುದನ್ನೇ ಬಿಡಬೇಕೆಂಬುದು ಪೂರ್ವಾಚಾರ್ಯರ ತೀರ್ಮಾನ.

ಅವರ ತೀರ್ಮಾನ ಸರಿಯೆಂಬುದಕ್ಕೆ ಮಲೆನಾಡಿನ ಒಂದು ಕಾಲುಹಾದಿಯೇ ಸಾಕ್ಷಿ. ಆಗುಂಬೆಯ ಸುತ್ತ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಬೇಸಿಗೆಯಲ್ಲಿ ನೆಲದಡಿ ಅಡಗಿದ್ದ ಎರೆಹುಳು ಮೇಲೆ ಬರುತ್ತದೆ. ತರಗೆಲೆಯಿಂದ ಇಂಬಳ ತಲೆಯೆತ್ತುತ್ತದೆ. ಬಸವನಹುಳು, ಚೋರಟೆಗಳು ದಾರಿಯನ್ನು ದಾಟುತ್ತವೆ. ಕಪ್ಪೆಗಳು ಮೊಟ್ಟೆಯಿಡುವುದೂ ಆಗಲೇ. ಹೆಜ್ಜೆಯ ಗುಂಡಿಯಲ್ಲಿ ನಿಂತ ಅಂಗೈಯಗಲದ ನೀರಿನಲ್ಲಿ ಗೊದಮೊಟ್ಟೆಗಳು ಬೆಳೆಯುತ್ತವೆ. ಪಶ್ಚಿಮಘಟ್ಟದಲ್ಲಿರುವ ಅನೇಕ ಬಗೆಯ ಕಪ್ಪೆಗಳು ಪ್ರಪಂಚದ ಬೇರೆಲ್ಲೂ ಇಲ್ಲ. 2012ರಲ್ಲಿ ಯುನೆಸ್ಕೊ ಈ ಘಟ್ಟಸಾಲನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದು ಇಂತಹ ಜೀವರಾಶಿಯನ್ನು ಕಂಡೇ. ಸಂತಾನ ಬೆಳೆಸುವ ಈ ಕೆಲವೇ ವಾರಗಳಲ್ಲಿ, ಶನಿವಾರ ಭಾನುವಾರಗಳಂದು ನೂರಾರು ಬೂಟುಗಳು ಅದೇ ಇಕ್ಕಟ್ಟಾದ ಹಾದಿಯನ್ನು ತುಳಿಯುತ್ತವೆ.

ಇನ್ನು ಪಾಚಿಯ ಮಾತು. ಆಲೂಗೆಡ್ಡೆ, ಈರುಳ್ಳಿ, ಬೆಳ್ಳುಳ್ಳಿಗಳನ್ನು ಶ್ರಾವಕರು ಬಿಡುವುದೇಕೆಂದು ಮನೆಯ ಮಕ್ಕಳಿಗೂ ತಿಳಿದಿದೆ: ಅವು ಅನಂತಕಾಯ, ಒಂದೊಂದು ತುಣುಕಿನಲ್ಲೂ ಅನಂತ ಜೀವಗಳಿಗೆ ಆಶ್ರಯ. ಅದೇ ಆಗಮ ಪರಂಪರೆಯು ಹಸಿಪಾಚಿಯನ್ನೂ ಸಾಧಾರಣ ವನಸ್ಪತಿಗಳಲ್ಲೇ ಎಣಿಸಿದೆ. ಮಳೆಗಾಲದ ಬೆಟ್ಟದಲ್ಲಿ ಪಾಚಿಯಿಲ್ಲದ ಕಲ್ಲಿಲ್ಲ. ಕಛೇರಿಯ ಊಟದ ಮನೆಯಲ್ಲಿ ಸಾಂಬಾರಿನೊಳಗಿನ ಈರುಳ್ಳಿಯನ್ನು ಹುಡುಕಿ ಬದಿಗಿಡುವ ತರುಣ, ಶನಿವಾರದಂದು ಎಂಟು ಹತ್ತು ಕಿಲೋಮೀಟರ್ ಪಾಚಿಯ ಮೇಲೆ ನಡೆದು, ಜಾರಿದಾಗಲೆಲ್ಲ ಅದನ್ನು ಉಗುರಿನಿಂದ ಕಿತ್ತು, ಇಂಬಳಕ್ಕೆ ಉಪ್ಪು ಸುರಿದು ಕೊಂದು ಮರಳುತ್ತಾನೆ. ನಾಲಿಗೆಗೆ ಹಾಕಿಕೊಂಡ ನಿಯಮವು ಕಾಲಿಗೆ ಅನ್ವಯಿಸುವುದಿಲ್ಲವೇ? ಎರೆಹುಳು, ಇಂಬಳಗಳು ದ್ವೀಂದ್ರಿಯ ಜೀವಗಳು, ಕಪ್ಪೆಯಂತೂ ಪಂಚೇಂದ್ರಿಯ. ತಟ್ಟೆಯಲ್ಲಿ ಏಕೇಂದ್ರಿಯಕ್ಕೆ ದೊರೆತ ದಯೆ ಹಾದಿಯಲ್ಲಿ ಪಂಚೇಂದ್ರಿಯಕ್ಕೂ ದೊರೆಯದಿದ್ದರೆ, ಆ ನಿಯಮ ಧರ್ಮವಾಗಿ ಉಳಿದಿಲ್ಲ, ಮನೆಯ ರೂಢಿಯಾಗಿ ಮಾತ್ರ ಉಳಿದಿದೆ ಎಂದೇ ಅರ್ಥ.

ಯಾವ ಖಾತೆಗೆ ಬರೆಯುವುದು?

ಇದಕ್ಕೆ ಸಿದ್ಧವಾಗಿರುವ ಉತ್ತರವೊಂದುಂಟು. ಗೃಹಸ್ಥನು ಮುನಿಯಲ್ಲ, ಮಹಾವ್ರತ ಅವನಿಗಿಲ್ಲ, ಅವನು ತೊರೆಯಬೇಕಾದುದು ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಮಾತ್ರ. ಬೆಟ್ಟವೇರುವವನಿಗೆ ಕಪ್ಪೆಯನ್ನು ಕೊಲ್ಲುವ ಸಂಕಲ್ಪವಿಲ್ಲವಷ್ಟೆ.

ಶಾಸ್ತ್ರವನ್ನು ಅರ್ಧಕ್ಕೆ ಓದಿ ನಿಲ್ಲಿಸಿದಾಗ ಹುಟ್ಟುವ ಉತ್ತರವಿದು. ಗೃಹಸ್ಥನಿಗೆ ಅನಿವಾರ್ಯವೆಂದು ಒಪ್ಪಿರುವ ಹಿಂಸೆ ಮೂರು ಬಗೆಯದು: ಅಡುಗೆ, ಗುಡಿಸುವಿಕೆ, ಮನೆ ಕಟ್ಟುವಿಕೆಗಳಲ್ಲಿ ಆಗುವ ಆರಂಭೀ ಹಿಂಸೆ, ಬೇಸಾಯ, ವ್ಯಾಪಾರ, ಕಸುಬುಗಳಲ್ಲಿ ಆಗುವ ಉದ್ಯೋಗೀ ಹಿಂಸೆ, ತನ್ನವರನ್ನೂ ನಾಡನ್ನೂ ರಕ್ಷಿಸುವಾಗ ಆಗುವ ವಿರೋಧೀ ಹಿಂಸೆ. ಅಂಗಡಿಯ ಲೆಕ್ಕ ಬರೆಯುವವರಿಗೆ ಒಂದು ಮಾತು ಗೊತ್ತು. ಪ್ರತಿಯೊಂದು ಖರ್ಚಿಗೂ ಒಂದು ಖಾತೆ ಇರಬೇಕು. ಯಾವ ಖಾತೆಗೂ ಸೇರದ ಖರ್ಚನ್ನು ಲೆಕ್ಕಪರಿಶೋಧಕನು ಒಪ್ಪುವುದಿಲ್ಲ. ಮಳೆಯ ಬೆಟ್ಟದಲ್ಲಿ ತುಳಿದ ಜೀವಗಳನ್ನು ಯಾವ ಖಾತೆಗೆ ಬರೆಯುವುದು? ಅದರಿಂದ ಮನೆಯ ಒಲೆ ಉರಿಯಲಿಲ್ಲ, ಸಂಬಳ ಬರಲಿಲ್ಲ, ಯಾರನ್ನೂ ರಕ್ಷಿಸಿದಂತಾಗಲಿಲ್ಲ.

ಆಚಾರ್ಯ ಸಮಂತಭದ್ರರು ಇದಕ್ಕೊಂದು ಖಾತೆಯನ್ನು ತೆರೆದೇ ಇಟ್ಟಿದ್ದಾರೆ. ಶ್ರಾವಕನ ಗುಣವ್ರತಗಳಲ್ಲೊಂದಾದ ಅನರ್ಥದಂಡವಿರತಿಯ ವಿವರಣೆಯಲ್ಲಿ, ಬಿಡಬೇಕಾದ ಐದು ಅನರ್ಥಗಳನ್ನು ಅವರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳುತ್ತಾರೆ. ಅವುಗಳಲ್ಲಿ ಪ್ರಮಾದಚರ್ಯೆ ಒಂದು. ಪ್ರಯೋಜನವಿಲ್ಲದೆ ನೆಲವನ್ನು ಕೆದಕುವುದು, ನೀರನ್ನು ಕಲಕುವುದು, ಬೆಂಕಿಯುರಿಸುವುದು, ಗಾಳಿಯನ್ನು ಬೀಸುವುದು, ಗಿಡಬಳ್ಳಿಗಳನ್ನು ಕತ್ತರಿಸುವುದು ಇವೆಲ್ಲವೂ ಅದರಲ್ಲಿ ಅಡಕ. ಕೊನೆಯಲ್ಲಿ ಅವರು ಇನ್ನೆರಡನ್ನು ಸೇರಿಸುತ್ತಾರೆ: ಪ್ರಯೋಜನವಿಲ್ಲದೆ ತಿರುಗುವುದು ಮತ್ತು ಇತರರನ್ನು ತಿರುಗಿಸುವುದು. ವಾರಾಂತ್ಯದ ಚಾರಣಕ್ಕೂ ಅದನ್ನು ವ್ಯವಸ್ಥೆಗೊಳಿಸಿ ಹಣ ಪಡೆಯುವವರಿಗೂ ಇದಕ್ಕಿಂತ ನಿಖರವಾಗಿ ಅನ್ವಯಿಸುವ ಮಾತನ್ನು ಇಂದಿನವರೂ ಬರೆಯಲಾರರು.

ದಿಗ್ವ್ರತದ ಪ್ರಕರಣ ಇನ್ನೂ ಸ್ವಾರಸ್ಯಕರವಾಗಿದೆ. ತನ್ನ ಓಡಾಟಕ್ಕೆ ದಿಕ್ಕುದಿಕ್ಕಿನಲ್ಲಿ ಮೇರೆ ಹಾಕಿಕೊಂಡ ಗೃಹಸ್ಥನು ಆ ಮೇರೆಯನ್ನು ಮೀರಿದರೆ ಅತಿಚಾರವಾಗುತ್ತದೆ. ಮೇಲಕ್ಕೆ ಮೀರುವುದೂ ಅವುಗಳಲ್ಲಿ ಒಂದು. ಆಚಾರ್ಯ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಕೊಡುವ ಉದಾಹರಣೆ ಪರ್ವತಾರೋಹಣವೇ. ಬೆಟ್ಟ ಹತ್ತುವುದು ತನ್ನಷ್ಟಕ್ಕೆ ಪಾಪವೆಂದು ಅವರು ಹೇಳಲಿಲ್ಲ, ನಿಜ. ಮೇರೆ ಹಾಕಿಕೊಂಡವನಿಗಷ್ಟೇ ಅದು ಅತಿಚಾರ. ಆದರೆ ಇಂದಿನ ಶ್ರಾವಕನಿಗೆ ಮೇರೆಯೇ ಇಲ್ಲದಿರುವುದು ಅವನ ಪರವಾದ ವಾದವಾದೀತೇ?

ಬಸದಿಗೆ ಏನು ಲಾಭ?

ಪ್ರಯೋಜನವಿಲ್ಲವೆಂದು ಹೇಗೆ ಹೇಳುವುದು, ಪೂರ್ವಿಕರ ಕೀರ್ತಿಯನ್ನು ಕಾಣಲು ಹೋಗುತ್ತೇವಲ್ಲಾ ಎಂದು ತರುಣರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದು. ಹಾಗಾದರೆ ಮಳೆಗಾಲದಲ್ಲಿ ಹೋದವರಿಗೆ ಕಾಣುವುದೇನೆಂದು ನೋಡಬೇಕು.

ಗೇರುಸೊಪ್ಪೆಯನ್ನೇ ತೆಗೆದುಕೊಳ್ಳಬಹುದು. ಶರಾವತಿಯ ದಡದ ಕಾಡಿನಲ್ಲಿ, ನಗರಬಸ್ತಿಕೇರಿಯಲ್ಲಿ, ನಾಲ್ಕು ದಿಕ್ಕಿಗೂ ಬಾಗಿಲುಗಳುಳ್ಳ ಚತುರ್ಮುಖ ಬಸದಿ ನಿಂತಿದೆ. ಒಂದು ಕಾಲಕ್ಕೆ ಸಾಳುವ ಅರಸುಮನೆತನದ ನಗರ ಇಲ್ಲಿತ್ತು. 1552ರಿಂದ 1606ರವರೆಗೆ ಇಲ್ಲಿಂದ ಆಳಿದ ಜೈನರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದೇ ಕರೆದರು. ಕಾನೂರು ಕೋಟೆಯೂ ಅವಳ ಹೆಸರಿನೊಡನೆಯೇ ಸೇರಿಕೊಂಡಿದೆ. ಕೊನೆಗೆ ಕೆಳದಿಯ ನಾಯಕರಿಂದ ಆ ರಾಜ್ಯ ಕೊನೆಗೊಂಡಿತು. ಅವಳಿಗೆ ಹೆಸರು ತಂದ ಆ ವ್ಯಾಪಾರವೂ ಮಳೆಗಾಲದಲ್ಲಿ ನಿಲ್ಲುತ್ತಿತ್ತು ಎಂಬುದನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಹಾಯಿಹಡಗಿನ ಕಾಲದಲ್ಲಿ ಪಡುಗಡಲ ಬಂದರುಗಳು ಮುಂಗಾರಿನ ತಿಂಗಳುಗಳಲ್ಲಿ ಮುಚ್ಚಿರುತ್ತಿದ್ದವು. ಎಂತಹ ಲಾಭವಿದ್ದರೂ ವರ್ತಕರು ಕಾಯುತ್ತಿದ್ದರು. ಸಂಪಾದನೆಗಾಗಿಯೇ ಹೊರಟವರು ಮಳೆಗೆ ಕೊಟ್ಟ ಮರ್ಯಾದೆಯನ್ನು ವಿನೋದಕ್ಕಾಗಿ ಹೊರಟವರು ಕೊಡಲಾರರೆಂದರೆ, ಅವಸರ ಯಾರದು?

ಮಳೆಯಲ್ಲಿ ಬಸದಿಯನ್ನು ಕಾಣುವುದೂ ಕಷ್ಟ. ಹಳಗನ್ನಡ ಶಾಸನವನ್ನು ಓದಬೇಕಾದರೆ ಕಲ್ಲು ಒಣಗಿರಬೇಕು, ಬೆಳಗಿನ ಅಥವಾ ಸಂಜೆಯ ಓರೆಬಿಸಿಲು ಅಕ್ಷರಗಳ ಮೇಲೆ ಬೀಳಬೇಕು. ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಬ್ರಷ್ಷಿನಿಂದ ತಟ್ಟಿ, ಮಸಿ ಲೇಪಿಸಿ ಅಚ್ಚು ತೆಗೆಯುವವರು ಮಳೆಗಾಲದಲ್ಲಿ ಆ ಕೆಲಸಕ್ಕೆ ಕೈಹಾಕುವುದಿಲ್ಲ. ಮೋಡ ಮುಚ್ಚಿದ ಹಗಲಿನಲ್ಲಿ ಪಾಚಿ ಹಿಡಿದ ಶಾಸನ ಕಪ್ಪು ಹಲಗೆಯಂತಿರುತ್ತದೆ. ತರುಣರು ಅದರ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಅದರಲ್ಲಿ ಏನಿದೆಯೆಂದು ಕೇಳಿದರೆ ಉತ್ತರವಿರುವುದಿಲ್ಲ. ಕಂಡದ್ದು ಮಂಜು, ತಂದದ್ದು ಚಿತ್ರ. ಬಸದಿಯನ್ನು ನೋಡಲು ಹೋಗಿದ್ದೆವು ಎಂಬ ಮಾತು ಅದರ ಮೇಲೆ ಹೊದಿಸಿದ ವಸ್ತ್ರ.

ಬಸದಿಗಾಗುವ ನಷ್ಟ ಮಾತ್ರ ನಿಜವಾದುದು. ನೀರು ಹೀರಿದ ಮಣ್ಣು ಮೃದುವಾಗಿ, ಅಡಿಪಾಯದ ಸುತ್ತ ತುಳಿದಷ್ಟೂ ಕೊಚ್ಚಿಹೋಗುತ್ತದೆ. ಗಾರೆ ಕಳಚಿದ ಗೋಡೆಗಳಲ್ಲಿ ಕಲ್ಲುಗಳು ತಮ್ಮ ಭಾರದಿಂದಲೇ ನಿಂತಿರುತ್ತವೆ; ಸಂದುಗಳಲ್ಲಿ ಬೇರುಗಳು ಬೆಳೆದಿರುತ್ತವೆ. ಅದರ ಮೇಲೆ ಹತ್ತಿ ನಿಂತವನೊಬ್ಬನಿಗೆ ಕಲ್ಲು ಅಲುಗಿದ್ದೂ ತಿಳಿಯದು. ಹತ್ತು ಮಳೆಗಾಲದ ಅನಂತರ ಗೋಡೆಯೇ ಇರುವುದಿಲ್ಲ. ಕೆಸರಾದ ಹಾದಿಯನ್ನು ತಪ್ಪಿಸಲು ಎಲ್ಲರೂ ಬದಿಯ ಹುಲ್ಲಿನ ಮೇಲೆ ಕಾಲಿಡುವುದರಿಂದ, ಎರಡಡಿಯ ಹಾದಿ ಹತ್ತಡಿಯ ಕೊರಕಲಾಗುತ್ತದೆ. ಯಂತ್ರಕ್ಕೆ ವರ್ಷವರ್ಷವೂ ಸವಕಳಿ ಬರೆಯುವ ವರ್ತಕನು, ಬೆಟ್ಟಕ್ಕೂ ಬಸದಿಗೂ ಆಗುವ ಸವಕಳಿಯನ್ನು ಯಾರ ಲೆಕ್ಕದಲ್ಲಿ ಬರೆಯುತ್ತಾರೆಂದು ಕೇಳಬೇಕು. ಚಾರಣದ ಶುಲ್ಕದಲ್ಲಿ ವಾಹನವಿದೆ, ಊಟವಿದೆ, ಮಾರ್ಗದರ್ಶಕನ ಕೂಲಿಯಿದೆ; ಸವಕಳಿಯ ಬಾಬ್ತು ಇಲ್ಲ.

ಜಿನಧರ್ಮದ ಹೆಸರನ್ನೂ ಕೇಳದ ದೂರದೇಶವೊಂದು ಈ ಲೆಕ್ಕವನ್ನು ಅರಿತಿದೆ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಇಂಕಾ ಜನರು ಕಟ್ಟಿದ ಮಾಚು ಪಿಚು ಎಂಬ ಹದಿನೈದನೆಯ ಶತಮಾನದ ಪಾಳುನಗರಕ್ಕೆ ಬೆಟ್ಟದ ಕಾಲುಹಾದಿಯೊಂದಿದೆ. ಜಗತ್ತಿನ ಮೂಲೆಮೂಲೆಗಳಿಂದ ಜನ ಅದನ್ನು ನಡೆಯಲು ಬರುತ್ತಾರೆ. ಆ ಹಾದಿಯಲ್ಲಿ ಹೊರೆಯಾಳು, ಮಾರ್ಗದರ್ಶಕರೂ ಸೇರಿ ದಿನಕ್ಕೆ 500 ಜನರಿಗೆ ಮಾತ್ರ ಅಪ್ಪಣೆ. ಮಳೆ ಬಲವಾಗಿರುವ ಫೆಬ್ರುವರಿ ತಿಂಗಳಲ್ಲಿ ಹಾದಿಯನ್ನು ಪೂರ್ತಿಯಾಗಿ ಮುಚ್ಚಿ, ದುರಸ್ತಿಗೂ ವಿಶ್ರಾಂತಿಗೂ ಬಿಡುತ್ತಾರೆ. ಅಲ್ಲಿ ಸರ್ಕಾರ ಒಂದು ತಿಂಗಳ ವರ್ಷಾಯೋಗವನ್ನು ಬೆಟ್ಟಕ್ಕೇ ಕೊಟ್ಟಿದೆ. ಇಲ್ಲಿ ವರ್ಷಾಯೋಗವೆಂಬ ಮಾತನ್ನು ಹುಟ್ಟಿನಿಂದ ಕೇಳಿದವರು ಅದೇ ತಿಂಗಳುಗಳನ್ನು ಆರಿಸಿಕೊಂಡು ಹೊರಡುತ್ತಾರೆ.

ಕರ್ನಾಟಕದಲ್ಲಿಯೂ ಕಡಿವಾಣ ಬಿದ್ದದ್ದು ಜನಜಾತ್ರೆಯಾದ ಮೇಲೆಯೇ. 2024ರ ಜನವರಿಯ ಕೊನೆಯ ರಜಾದಿನಗಳಲ್ಲಿ ಕುಮಾರಪರ್ವತದ ಹಾದಿಯಲ್ಲಿ ಸಾವಿರಾರು ಮಂದಿ ಕಿಕ್ಕಿರಿದಾಗ, ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಹಾದಿಗಳಲ್ಲಿ ಚಾರಣವನ್ನು ಸರ್ಕಾರ ತಡೆಯಿತು. ಮಳೆಗಾಲದ ಅಪಾಯವಂತೂ ಬೇರೆಯೇ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು, 2024ರ ಜುಲೈ 16ರಂದು ಅಂಕೋಲಾದ ಬಳಿಯ ಶಿರೂರಿನ ಗುಡ್ಡ, ಅದೇ ತಿಂಗಳ 30ರಂದು ವಯನಾಡಿನ ಬೆಟ್ಟ ಕುಸಿದುದನ್ನು ಎಲ್ಲರೂ ಬಲ್ಲರು. ಇಂತಹ ದಿನಗಳಲ್ಲಿ ದಾರಿ ತಪ್ಪಿದ ಒಬ್ಬ ಚಾರಣಿಗನನ್ನು ಹುಡುಕಲು ಅರಣ್ಯ ಕಾವಲುಗಾರರು, ಅಗ್ನಿಶಾಮಕ ದಳದವರು, ಊರಿನ ಕೂಲಿಯಾಳುಗಳು ರಾತ್ರಿಯಿಡೀ ಕಾಡು ಅಲೆಯಬೇಕಾಗುತ್ತದೆ. ತನ್ನ ವಿನೋದಕ್ಕೆ ಇತರರ ಪ್ರಾಣವನ್ನು ಜಾಮೀನಾಗಿಡುವುದನ್ನು ಅಹಿಂಸಾಣುವ್ರತಿಯು ಹೇಗೆ ಒಪ್ಪುತ್ತಾನೆ?

ಶಿಖರಜಿಗೊಂದು ನ್ಯಾಯ, ಕುಂದಾದ್ರಿಗೊಂದು ನ್ಯಾಯ

ಜೈನರು ಹಿಂದಿನಿಂದಲೂ ಬೆಟ್ಟ ಹತ್ತಿದವರಲ್ಲವೇ, ಶ್ರವಣಬೆಳಗೊಳ, ಗಿರನಾರ, ಸಮ್ಮೇದಶಿಖರಗಳೆಲ್ಲ ಬೆಟ್ಟಗಳೇ ಅಲ್ಲವೇ ಎಂಬುದು ಇನ್ನೊಂದು ವಾದ. ಹೌದು. ಆದರೆ ಯಾತ್ರೆಗೂ ವಿಹಾರಕ್ಕೂ ಇರುವ ಅಂತರವನ್ನು ಸಮಾಜವೇ ದೇಶದ ಬೀದಿಗಳಲ್ಲಿ ನಿಂತು ಸಾರಿ ಹೇಳಿದೆ. ಇಪ್ಪತ್ತು ತೀರ್ಥಂಕರರು ಮುಕ್ತರಾದ ಸಮ್ಮೇದಶಿಖರಜಿಯ ಸುತ್ತಲಿನ ಪ್ರದೇಶವನ್ನು ಪರಿಸರಸೂಕ್ಷ್ಮ ವಲಯವಾಗಿ ಘೋಷಿಸಿದ 2019ರ ಅಧಿಸೂಚನೆಯಲ್ಲಿ ಪರಿಸರ ಪ್ರವಾಸೋದ್ಯಮಕ್ಕೂ ಎಡೆಯಿತ್ತು. ಪವಿತ್ರ ಪರ್ವತ ವಿಹಾರಸ್ಥಳವಾಗಬಾರದೆಂದು ಜೈನಸಮಾಜ ಪ್ರತಿಭಟಿಸಿತು. ಅಂಗಡಿಗಳನ್ನು ಮುಚ್ಚಿ, ಮೆರವಣಿಗೆ ನಡೆಸಿ, ಉಪವಾಸ ಕುಳಿತಿತು. 2023ರ ಜನವರಿ 5ರಂದು ಕೇಂದ್ರ ಸರ್ಕಾರ ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆಯೊಡ್ಡಿತು.

ಆ ಮೆರವಣಿಗೆಗಳಲ್ಲಿ ಘೋಷಣೆ ಕೂಗಿದ ಮನೆತನಗಳ ಮಕ್ಕಳೇ ಇಂದು ಕುಂದಾದ್ರಿಗೆ ಮಳೆ ನೋಡಲು ಹೋಗುತ್ತಾರೆ. ಆಚಾರ್ಯ ಕುಂದಕುಂದರ ತಪೋಭೂಮಿಯೆಂದು ಪರಂಪರೆ ನಂಬಿರುವ ಬೆಟ್ಟವದು. ಮೇಲೆ ಪಾರ್ಶ್ವನಾಥ ಬಸದಿ. ಬದಿಯಲ್ಲಿ ಬಂಡೆಯೊಳಗೆ ನಿಂತ ನೀರಿನ ಕೊಳ. ಬಸದಿಯ ಬಾಗಿಲಿಗೆ ಬೆನ್ನುಮಾಡಿ, ಬೂಟುಕಾಲಿನಲ್ಲಿ ಬಂಡೆಯ ಅಂಚಿಗೆ ನಿಂತು, ಕೈಯಲ್ಲಿ ತಿಂಡಿಯ ಪೊಟ್ಟಣ ಹಿಡಿದು ಮಂಜನ್ನು ಕಾಯುವವರಲ್ಲಿ ಜೈನರಾರು, ಅಜೈನರಾರು ಎಂದು ಗುರುತಿಸಲಾಗದು. ಝಾರ್ಖಂಡದ ಬೆಟ್ಟದಲ್ಲಿ ಇತರರು ಮಾಡಬಾರದೆಂದು ಹೇಳಿದುದನ್ನು ಮಲೆನಾಡಿನ ಬೆಟ್ಟದಲ್ಲಿ ತಾನು ಮಾಡುವವನಿಗೆ, ಮುಂದೊಮ್ಮೆ ಶಿಖರಜಿಯ ಪ್ರಶ್ನೆ ಮತ್ತೆ ಎದ್ದರೆ ಮಾತನಾಡುವ ಬಾಯಿ ಎಲ್ಲಿರುತ್ತದೆ?

ಯಾತ್ರಿಕನು ನಸುಕಿನಲ್ಲಿ ಸ್ನಾನಮಾಡಿ, ಬರಿಗಾಲಿನಲ್ಲಿ, ಬರಿಹೊಟ್ಟೆಯಲ್ಲಿ, ಣಮೋಕಾರ ಮಂತ್ರವನ್ನು ಜಪಿಸುತ್ತ ಹತ್ತುತ್ತಾನೆ. ಬರಿಗಾಲು ನೆಲದ ಮೇಲಿನ ಸಣ್ಣ ಚಲನೆಯನ್ನೂ ತಿಳಿಸುತ್ತದೆ. ದಪ್ಪ ಅಟ್ಟೆಯ ಬೂಟು ಏನನ್ನೂ ತಿಳಿಸದು. ಹಿಂಸೆಯ ಮೂಲ ಪ್ರಮಾದದಲ್ಲಿದೆಯೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹೇಳಿದ್ದು ಇದನ್ನೇ. ಎಚ್ಚರವನ್ನು ಕಳೆಯುವ ಉಡುಗೆ, ಗುಂಪು, ಸದ್ದುಗಳನ್ನೆಲ್ಲ ಜೊತೆಗೊಯ್ದು, ಅದಕ್ಕೆ ತೀರ್ಥಯಾತ್ರೆಯ ಪುಣ್ಯವನ್ನು ಜಮಾ ಮಾಡಿಕೊಳ್ಳಲು ಸಾಧ್ಯವಿಲ್ಲ.

ಹಿರಿಯರ ಬಾಕಿ

ಇಷ್ಟನ್ನು ಕೇಳಿದ ತರುಣನೊಬ್ಬನು ಮರುನುಡಿದರೆ ಹಿರಿಯರು ತಲೆ ತಗ್ಗಿಸಬೇಕಾದೀತು. ವಾರದ ಐದು ದಿನ ಗಾಜಿನ ಗೋಡೆಯೊಳಗೆ ಪರದೆಯನ್ನು ದಿಟ್ಟಿಸಿ, ಎರಡೆರಡು ಗಂಟೆ ವಾಹನಗಳ ಸಾಲಿನಲ್ಲಿ ಕಾದು ಬಳಲಿದವನಿಗೆ ಗಾಳಿ ಬೆಳಕುಗಳ ಹಸಿವಾಗುವುದು ಸಹಜ. ಅದನ್ನು ಸ್ವೇಚ್ಛಾಚಾರವೆಂದು ಹಳಿಯುವುದು ಅನ್ಯಾಯ. ಮೇಲಾಗಿ ಅವನು ಕೇಳಬಹುದು: ಈ ಹಾಳುಬಸದಿಗಳು ಹಾಳಾದದ್ದು ಬೂಟುಗಳಿಂದಲೇ? ಅವು ಪಾಳುಬಿದ್ದಾಗ ಚಾರಣವೆಂಬ ಮಾತೇ ಹುಟ್ಟಿರಲಿಲ್ಲ. ನಗರದಲ್ಲಿ ಅಮೃತಶಿಲೆಯ ಹೊಸ ಮಂದಿರಗಳಿಗೆ ಬೋಲಿ ಕೂಗಿ ಲಕ್ಷಾಂತರ ರೂಪಾಯಿ ಕೊಡುವವರು, ಕಾಡಿನ ಬಸದಿಯೊಂದಕ್ಕೆ ಕಾವಲುಗಾರನ ಸಂಬಳವನ್ನಾದರೂ ಕೊಟ್ಟರೇ? ಹೆಸರು ಕೆತ್ತಿಸುವ ಕಲ್ಲಿಗೆ ದೊರೆತ ಹಣದ ನೂರರಲ್ಲೊಂದು ಪಾಲು, ಹೆಸರು ಅಳಿಸಿಹೋಗುತ್ತಿರುವ ಕಲ್ಲಿಗೆ ದೊರೆತಿದೆಯೇ?

ಈ ಪ್ರಶ್ನೆಗೆ ಸಮರ್ಥನೆಯ ಉತ್ತರವಿಲ್ಲ. ಇದು ಹಿರಿಯರ ಹೆಸರಿನಲ್ಲಿ ನಿಂತಿರುವ ಬಾಕಿ. ನಾಲ್ಕುನೂರು ಕಿಲೋಮೀಟರ್ ದೂರದ ಗೇರುಸೊಪ್ಪೆಯ ಮಾತಿರಲಿ, ವಾಹನಗಳು ಹೊರಡುವ ಬೇಗೂರಿನಲ್ಲಿಯೇ ಏನಿದೆಯೆಂದು ಎಷ್ಟು ಮನೆಗಳವರು ಮಕ್ಕಳಿಗೆ ತೋರಿಸಿದ್ದಾರೆ? ಬೆಂಗಳೂರು ಎಂಬ ಹೆಸರು ಕಾಣಿಸುವ, ಸುಮಾರು ಒಂಬತ್ತನೆಯ ಶತಮಾನದ ಕೊನೆಯ ಶಾಸನವಿರುವುದು ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ. ಗಂಗರ ಕಾಲದಲ್ಲಿ ಈ ಊರು ಬೆಂಪೂರು. ಹನ್ನೆರಡು ಊರುಗಳ ನಾಡಿಗೆ ಇದೇ ತಲೆಯೂರು. ನಾಗತ್ತರನೆಂಬ ವೀರನು ತುಂಬೆಪಾಡಿಯ ಕಾಳಗದಲ್ಲಿ ಮಡಿದಾಗ, ಎರೆಯಪ್ಪರಸನು ಇರುಗನಿಗೆ ಬೆಂಪೂರು ಹನ್ನೆರಡನ್ನು ಕೊಟ್ಟ ವಿವರವುಳ್ಳ ದೊಡ್ಡ ವೀರಗಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಸಲ್ಲೇಖನದಿಂದ ದೇಹವನ್ನಿಟ್ಟ ಶ್ರಾವಿಕೆಯೊಬ್ಬಳ ನಿಷಿಧಿಯ ಬರಹವೂ ಇದೇ ಬೇಗೂರಿನದು. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯ ಇಂತಹ ಶಾಸನಗಳನ್ನೆಲ್ಲ ಅಚ್ಚಿನಲ್ಲಿ ಕೊಟ್ಟು ಒಂದು ಶತಮಾನವೇ ಕಳೆಯಿತು.

ಬೆಂಗಳೂರಿನ ಶಾಸನಗಳನ್ನು ಹುಡುಕಿ, ಮೂರು ಆಯಾಮದ ಗಣಕ ಪ್ರತಿಗಳಾಗಿ ಉಳಿಸುವ ಕೆಲಸವನ್ನು 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ ಕೈಗೊಂಡಿದೆ. ಇಂತಹ ಕೆಲಸಕ್ಕೆ ಎಲೆಕ್ಟ್ರಾನಿಕ್ ಸಿಟಿಯ ತರುಣರ ವಿದ್ಯೆಯೇ ಬೇಕಾದುದು. ಬೆಟ್ಟದ ಪಾಚಿಯನ್ನು ತುಳಿಯದೆ, ಬೇಗೂರಿನ ಮನೆಯಲ್ಲಿ ಕುಳಿತು, ಸಾವಿರ ವರ್ಷದ ಹಿಂದಿನ ಶ್ರಾವಿಕೆಯ ಹೆಸರನ್ನು ಕಲ್ಲಿನಿಂದ ಬಿಡಿಸಿ ಓದುವ ದಾರಿ ಅವರಿಗೆ ತೆರೆದಿದೆ. ಅದನ್ನು ತೋರಿಸಿಕೊಡದ ಹಿರಿಯರಿಗೆ, ಬೆಟ್ಟಕ್ಕೆ ಹೋಗಬೇಡ ಎಂದು ಗದರಿಸುವ ಅಧಿಕಾರ ಅರ್ಧ ಮಾತ್ರ.

ನಾಲ್ಕು ತಿಂಗಳ ದೇಶವ್ರತ

ಆದ್ದರಿಂದ ನಿಷೇಧವನ್ನು ಹೇಳಿ ಮುಗಿಸಿದರೆ ಸಾಲದು. ಮೊದಲನೆಯದಾಗಿ, ಜೈನ ಯುವಕ ಮಂಡಲಗಳೂ ಮಹಿಳಾ ಸಮಾಜಗಳೂ ವರ್ಷಾಯೋಗದ ಸ್ಥಾಪನೆಯಿಂದ ದೀಪಾವಳಿಯವರೆಗೆ ಬೆಟ್ಟ ಕಾಡುಗಳ ಪ್ರವಾಸವನ್ನು ಏರ್ಪಡಿಸಬಾರದು. ಸಮಾಜದ ಹೆಸರಿನಲ್ಲಿ, ಸಮಾಜದ ಹಣದಲ್ಲಿ ಇತರರನ್ನು ತಿರುಗಿಸುವ ಪ್ರಮಾದಚರ್ಯೆಯನ್ನು ನಿಲ್ಲಿಸಲು ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ; ಕಾರ್ಯಕಾರಿ ಸಮಿತಿಯ ಒಂದು ನಿರ್ಣಯ ಸಾಕು.

ಎರಡನೆಯದಾಗಿ, ಈ ನಾಲ್ಕು ತಿಂಗಳ ಭಾನುವಾರಗಳನ್ನು ತರುಣರಿಗೆ ಬರಿದಾಗಿ ಬಿಡಬಾರದು. ಮುನಿಸಂಘವಿರುವಲ್ಲಿ ಪ್ರವಚನವಿದೆ, ಆದರೆ ಅದು ಬೆಳಿಗ್ಗೆ ಕೆಲಸದ ದಿನದಲ್ಲಿ, ಮುದುಕರಿಗಾಗಿ ನಡೆಯುತ್ತದೆ. ಭಾನುವಾರ ಸಂಜೆ, ಸೂರ್ಯಾಸ್ತದ ಮೊದಲು, ತರುಣರ ಪ್ರಶ್ನೆಗಳಿಗೇ ಮೀಸಲಾದ ಸ್ವಾಧ್ಯಾಯ ನಡೆಯಲಿ. ಹಳಗನ್ನಡ ಲಿಪಿಯನ್ನು ಓದುವ ತರಗತಿ ನಡೆಯಲಿ. ಮಳೆಯ ದಿನಗಳು ಕಲಿಯುವುದಕ್ಕೆಂದೇ ಇರುವ ದಿನಗಳು.

ಮೂರನೆಯದಾಗಿ, ಕಾರ್ತಿಕ ಕಳೆದು ನೆಲ ಒಣಗಿದ ಮೇಲೆ ಬೆಟ್ಟಕ್ಕೆ ಹೋಗಲಿ. ಇಪ್ಪತ್ತು ಜನರನ್ನು ಮೀರದ ಗುಂಪು, ಅರಣ್ಯ ಇಲಾಖೆಯ ಅನುಮತಿ, ಹಗಲು ಮಾತ್ರದ ನಡಿಗೆ. ನೋಡಹೊರಟ ಬಸದಿಯ ಶಾಸನದ ಪಾಠವನ್ನು ಮೊದಲೇ ಓದಿರಬೇಕು. ರಕ್ಷಿತ ಸ್ಮಾರಕವನ್ನು ಕೆಡಿಸಿದರೆ 2010ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾ‌ಯಿಯವರೆಗೆ ದಂಡ ಉಂಟೆಂಬುದೂ ಗೊತ್ತಿರಲಿ. ಮರಳುವಾಗ ಅಲ್ಲಿ ಬಿದ್ದಿರುವ ಪ್ಲಾಸ್ಟಿಕ್ಕನ್ನು ಹೊತ್ತು ತರಲಿ. ಅಂತಹ ಪಯಣದ ಪ್ರತಿಯೊಂದು ರೂಪಾಯಿಗೂ ಸಮನಾಗಿ ಇನ್ನೊಂದು ರೂಪಾಯಿಯನ್ನು ಊರಿನ ಬಸದಿ ಸಮಿತಿಗಳು ಬಸದಿಯ ಕಾವಲಿಗೆಂದು ತೆಗೆದಿಡಲಿ.

ಕೊನೆಯದು ಪ್ರತಿಯೊಬ್ಬನೂ ತಾನೇ ತನಗೆ ಮಾಡಿಕೊಳ್ಳಬೇಕಾದುದು. ಜೀವನಪರ್ಯಂತದ ದಿಗ್ವ್ರತ ಇಂದಿನ ಉದ್ಯೋಗಸ್ಥನಿಗೆ ಭಾರವೆನಿಸಬಹುದು. ಆದರೆ ನಿಯತ ಕಾಲಕ್ಕೆ ಮಾತ್ರ ಓಡಾಟಕ್ಕೆ ಮೇರೆ ಹಾಕಿಕೊಳ್ಳುವ ದೇಶವ್ರತವನ್ನು ಆಚಾರ್ಯರು ಇಂತಹವರಿಗಾಗಿಯೇ ಇಟ್ಟಿದ್ದಾರೆ. ಮನೆ, ಕಛೇರಿ, ಬಸದಿ, ಹೆತ್ತವರ ಊರು ಇಷ್ಟರ ಹೊರಗೆ ಈ ನಾಲ್ಕು ತಿಂಗಳು ವಿನೋದಕ್ಕಾಗಿ ಹೋಗುವುದಿಲ್ಲವೆಂದು ಮುನಿಗಳ ಮುಂದೆ ಒಮ್ಮೆ ನಿಯಮ ತೆಗೆದುಕೊಂಡರೆ, ಅವರ ವರ್ಷಾಯೋಗದಲ್ಲಿ ಗೃಹಸ್ಥನಿಗೂ ಒಂದು ಪಾಲು ದೊರೆಯುತ್ತದೆ. ಬರುವ ಆಷಾಢದಲ್ಲಿ ಕಲಶದ ಬೋಲಿ ಮುಗಿದ ಕೂಡಲೇ, ಹಿರಿಯರು ಮೊದಲು ಎದ್ದುನಿಂತು ಈ ನಿಯಮವನ್ನು ಬೇಡಲಿ. ಹಿಂದಿನ ಸಾಲಿನಲ್ಲಿ ಕುಳಿತ ತರುಣರು ಅವರನ್ನು ನೋಡುತ್ತಿರುತ್ತಾರೆ.